ತಕ್ಕಡಿಯ ಮುಳ್ಳು ಮತ್ತು ಮೂರನೆಯ ವಾರ

ಕಳೆದ ವರ್ಷ ನನ್ನ ಸಂಬಂಧಿಕರ ಪೈಕಿ ಒಬ್ಬ ಹೆಣ್ಣುಮಗಳು ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ವಯಸ್ಸು ನಲವತ್ತೆರಡು, ತೂಕ 118 ಕಿಲೋ. ಜೊತೆಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ನಿದ್ದೆಯಲ್ಲಿ ಉಸಿರು ಕಟ್ಟಿ ಎಚ್ಚರಗೊಳ್ಳುವ ಸಂಕಟ. ಹತ್ತು ವರ್ಷ ಪಥ್ಯ, ನಡಿಗೆ, ಕಷಾಯ, ಪುಡಿ ಎಲ್ಲವನ್ನೂ ಮಾಡಿ ಸೋತ ಮೇಲೆ ಕೈಬಳೆಗಳನ್ನು ಅಡವಿಟ್ಟು ಆಸ್ಪತ್ರೆಗೆ ಸೇರಿದ್ದಳು. ಮನೆಗೆ ಬಂದ ಮೊದಲ ಹತ್ತು ದಿನಗಳಲ್ಲಿ ಆರು ಕಿಲೋ ಇಳಿಯಿತು. ಆಮೇಲೆ ಹನ್ನೊಂದು ದಿನ ತೂಕದ ಯಂತ್ರದ ಮುಳ್ಳು ಅಲುಗಾಡಲೇ ಇಲ್ಲ. ಒಂದು ದಿನವಂತೂ ಅರ್ಧ ಕಿಲೋ ಹೆಚ್ಚೇ ತೋರಿಸಿತು.

ನೋಡಲು ಬಂದವರೆಲ್ಲರದೂ ಒಂದೇ ಪ್ರಶ್ನೆ: ‘ಎಷ್ಟು ಇಳಿಯಿತು?’ ಬೇರೆ ಯಾರಿಗೋ ತಿಂಗಳಲ್ಲೇ ಹದಿನೈದು ಕಿಲೋ ಇಳಿದ ಕತೆಯನ್ನೂ ಅವರೇ ಹೇಳಿ ಹೋಗುತ್ತಿದ್ದರು. ಮೂರನೆಯ ವಾರದ ಕೊನೆಗೆ ನಾನು ಹೋದಾಗ ಅವಳು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅಳುತ್ತಿದ್ದಳು. ‘ಮಾಮಾ, ಬಳೆಯೂ ಹೋಯಿತು, ಹೊಟ್ಟೆ ಕೊಯ್ಸಿಕೊಂಡದ್ದೂ ದಂಡವಾಯಿತು. ನನ್ನದೇ ಏನೋ ತಪ್ಪಿರಬೇಕು’ ಎಂದಳು. ಆ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ವೈದ್ಯರು ಹೇಳಿದ್ದ ಪ್ರೋಟೀನ್ ಪಾನೀಯವನ್ನೂ ನೀರನ್ನೂ ಅರ್ಧಕ್ಕಿಳಿಸಿದ್ದಳು.

ನಾನು ವೈದ್ಯನಲ್ಲ, ಚರಿತ್ರೆ ಓದುವವನು. ಆದರೆ ತೂಕ ಇಳಿಸುವ ವಿದ್ಯೆಗೂ ಒಂದು ಚರಿತ್ರೆಯಿದೆ. ಅವಳು ಕೇಳುತ್ತಿದ್ದ ಪ್ರಶ್ನೆಗೆ ಉತ್ತರದ ಬಹುಪಾಲು ಅದರಲ್ಲಿಯೇ ಇದೆ ಎಂದು ನನಗೆ ಅನ್ನಿಸಿದ್ದು ಅಂದಿನಿಂದ.

ಬೊಜ್ಜಿನ ಶಸ್ತ್ರಚಿಕಿತ್ಸೆಯ ಇತಿಹಾಸ ಬರೆಯುವ ಪಾಶ್ಚಾತ್ಯ ಶಸ್ತ್ರವೈದ್ಯರು ಬಹಳ ಸಲ ತಮ್ಮ ಕತೆಯನ್ನು ಹತ್ತನೆಯ ಶತಮಾನದ ಸ್ಪೇನಿನಿಂದ ಆರಂಭಿಸುತ್ತಾರೆ. ಉತ್ತರ ಸ್ಪೇನಿನ ಲಿಯೋನ್ ರಾಜ್ಯದ ದೊರೆ ಒಂದನೆಯ ಸಾಂಚೋ ವಿಪರೀತ ಸ್ಥೂಲಕಾಯದವನು. ಇತಿಹಾಸದಲ್ಲಿ ಅವನಿಗೆ ‘ದಪ್ಪ ಸಾಂಚೋ’ ಎಂಬ ಹೆಸರೇ ಉಳಿದಿದೆ. ಕುದುರೆ ಏರಲಾಗದ ದೊರೆ ಯುದ್ಧ ಹೇಗೆ ನಡೆಸಿಯಾನು? 958ರಲ್ಲಿ ಅವನ ಸರದಾರರೇ ಅವನನ್ನು ಪಟ್ಟದಿಂದಿಳಿಸಿದರು. ಅವನ ಅಜ್ಜಿ, ನವಾರದ ರಾಣಿ ತೋದಾ, ಸುಮ್ಮನೆ ಕೂರುವ ಹೆಂಗಸಲ್ಲ. ತಾನು ಎದುರಿಸಿ ಯುದ್ಧ ಮಾಡಿದ್ದ ಕುರ್ತುಬಾದ ಖಲೀಫ ಮೂರನೆಯ ಅಬ್ದುರ್ರಹ್ಮಾನನಲ್ಲಿಯೇ ಮೊಮ್ಮಗನಿಗಾಗಿ ನೆರವು ಯಾಚಿಸಿದಳು. ಖಲೀಫ ತನ್ನ ಆಸ್ಥಾನದ ಯಹೂದಿ ವೈದ್ಯ, ರಾಜತಂತ್ರಜ್ಞ ಹಸ್ದಾಯ್ ಇಬ್ನ್ ಶಪ್ರೂತನನ್ನು ಕಳುಹಿಸಿದ. ಚಿಕಿತ್ಸೆ ಬೇಕಾದರೆ ರೋಗಿ ಕುರ್ತುಬಾಕ್ಕೆ ಬರಬೇಕು ಎಂಬುದು ಷರತ್ತು. ಕ್ರೈಸ್ತ ದೊರೆ, ಅವನ ಅಜ್ಜಿ, ಯಹೂದಿ ವೈದ್ಯ, ಮುಸ್ಲಿಮ್ ಖಲೀಫ: ಒಬ್ಬ ಮನುಷ್ಯನ ಮೈತೂಕದ ಸುತ್ತ ಇಷ್ಟೆಲ್ಲಾ ಜನ ಒಂದೇ ಅರಮನೆಯಲ್ಲಿ ಕೂಡಿದರು. ಸಾಂಚೋ ಇಳಿದ ಮೈಯೊಂದಿಗೆ, ಖಲೀಫನ ಸೈನ್ಯದ ಬೆಂಬಲದೊಂದಿಗೆ ಮರಳಿ 960ರಲ್ಲಿ ಲಿಯೋನಿನ ಗದ್ದುಗೆ ಏರಿದ.

ಅವನಿಗೆ ಕೊಟ್ಟ ಚಿಕಿತ್ಸೆ ಯಾವುದು? ಇಲ್ಲಿ ಕತೆ ಬೆಳೆಯುತ್ತದೆ. ಅವನ ತುಟಿಗಳನ್ನು ಹೊಲಿದು ಕೊಳವೆಯಲ್ಲಿ ಕಷಾಯ ಮಾತ್ರ ಕೊಟ್ಟರು, ಹಗ್ಗ ಕಟ್ಟಿ ನಡೆಸಿದರು, ಕೆಲವೇ ವಾರಗಳಲ್ಲಿ ಅರ್ಧ ತೂಕ ಇಳಿಸಿದರು ಎಂಬ ವರ್ಣನೆಗಳಿವೆ. ಇವು ನಂತರದ ಕಾಲದವರು ಹೆಣೆದವು. ಆ ಕಾಲಕ್ಕೆ ಹತ್ತಿರದವನಾದ ಕ್ರೈಸ್ತ ವೃತ್ತಾಂತಕಾರ ಸಂಪಿರೋ ಹೇಳುವುದು ಒಂದೇ ಮಾತು: ಮುಸ್ಲಿಮರು ಒಂದು ಮೂಲಿಕೆ ತಂದರು, ಅವನ ಹೊಟ್ಟೆಯ ಬೊಜ್ಜು ತೆಗೆದರು. ಸೂಜಿಯಿಲ್ಲ, ದಾರವಿಲ್ಲ. ಆದರೂ ವೈದ್ಯಕೀಯ ಪತ್ರಿಕೆಗಳು ‘ಪ್ರಪಂಚದ ಮೊದಲ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ’ ಎಂದು ಈ ಹೊಲಿದ ತುಟಿಯ ಕತೆಯನ್ನೇ ಎತ್ತಿಕೊಳ್ಳುತ್ತವೆ. ದಪ್ಪಗಿರುವವರು ಶಿಕ್ಷೆ ಅನುಭವಿಸಿ ಬೇಗನೆ ತೆಳ್ಳಗಾಗಬೇಕು ಎಂಬ ಆಸೆ ನೋಡುವವರ ಮನಸ್ಸಿನಲ್ಲಿ ಎಷ್ಟು ಹಳೆಯದು! ದೊರೆ ಹೋದದ್ದು, ದೊರೆ ಬಂದದ್ದು ಮಾತ್ರ ವೃತ್ತಾಂತದಲ್ಲಿದೆ. ನಡುವಿನ ವಾರಗಳು ಯಾರಿಗೂ ಬೇಡವಾದವು. ನಮ್ಮ ಹೆಣ್ಣುಮಗಳು ಸಿಕ್ಕಿಬಿದ್ದದ್ದು ಆ ನಡುವಿನ ವಾರಗಳಲ್ಲಿ.

ಕುರ್ತುಬಾದ ಈ ಪ್ರಸಂಗವಾಗಿ ಎರಡು ದಶಕ ಕಳೆದ ಮೇಲೆ, 980ರಲ್ಲಿ, ಬುಖಾರಾದ ಸಮೀಪ ಇಬ್ನ್ ಸೀನಾ ಹುಟ್ಟಿದರು. ಅವರ ‘ಅಲ್ ಖಾನೂನ್ ಫಿತ್ತಿಬ್ಬ್’ ಗ್ರಂಥದಲ್ಲಿ ಮೈ ಇಳಿಸುವ ವಿಧಾನವೂ ಇದೆ. ಆಹಾರ ಜಠರ ಮತ್ತು ಕರುಳುಗಳಿಂದ ಬೇಗ ಕೆಳಗಿಳಿದು ಹೋಗುವಂತೆ ಮಾಡಬೇಕು, ಆಗ ಅದರ ಸಾರ ಪೂರ್ತಿಯಾಗಿ ಹೀರಲ್ಪಡುವುದಿಲ್ಲ. ಗಾತ್ರ ಹೆಚ್ಚಿದ್ದು ಪೋಷಣೆ ಕಡಿಮೆಯಿರುವ ಆಹಾರ ಕೊಡಬೇಕು. ಊಟಕ್ಕೆ ಮೊದಲು ಸ್ನಾನ, ಕಠಿಣ ವ್ಯಾಯಾಮ. ಬೇಗ ಹೊಟ್ಟೆ ತುಂಬಿಸುವುದು, ಕರುಳು ಹೀರುವುದನ್ನು ತಗ್ಗಿಸುವುದು: ಸಾವಿರ ವರ್ಷಗಳ ನಂತರ ಶಸ್ತ್ರವೈದ್ಯರು ಚೂರಿ ಹಿಡಿದು ಹೊರಟದ್ದೂ ಈ ಎರಡು ದಾರಿಗಳಲ್ಲಿಯೇ. ‘ಬೇರಿಯಾಟ್ರಿಕ್’ ಎಂಬ ಹೆಸರು ಮಾತ್ರ ಹೊಸದು, ಇಪ್ಪತ್ತನೆಯ ಶತಮಾನದ್ದು. ಅದರ ಮೂಲವಾದ ಗ್ರೀಕ್ ‘ಬಾರೋಸ್’ ಕಿವಿಗೆ ನಮ್ಮ ‘ಭಾರ’ದಂತೆ ಕೇಳಿಸುತ್ತದೆ. ಭಾಷಾಶಾಸ್ತ್ರಜ್ಞರ ಪ್ರಕಾರ ಅದರ ನಿಜವಾದ ನೆಂಟ ಸಂಸ್ಕೃತದ ‘ಗುರು’ ಶಬ್ದ.

ಮನುಷ್ಯ ತನ್ನನ್ನು ತಾನು ಪದೇ ಪದೇ ತೂಗಿಕೊಳ್ಳುವ ಅಭ್ಯಾಸಕ್ಕೂ ಒಬ್ಬ ಮೂಲಪುರುಷನಿದ್ದಾನೆ. ಇಟಲಿಯ ಪಡುವಾದ ವೈದ್ಯ ಸಾಂಟೋರಿಯೋ ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲಿ ಕುಳಿತು ಉಂಡದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಾನುಗಟ್ಟಲೆ ತೂಗಿದ. 1614ರಲ್ಲಿ ಪುಸ್ತಕ ಪ್ರಕಟಿಸಿದ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಲೆಕ್ಕ ಹೊಂದುತ್ತಿರಲಿಲ್ಲ. ಎಂಟು ಪೌಂಡ್ ಸೇವಿಸಿದರೆ ಐದು ಪೌಂಡಿನಷ್ಟು ಕಣ್ಣಿಗೆ ಕಾಣದ ಆವಿಯಾಗಿ ಮೈಯಿಂದ ಹೋಗುತ್ತದೆ ಎಂಬುದು ಅವನ ನಿರ್ಣಯ. ಅಂಕಿ ಏನೇ ಇರಲಿ, ದಿನದಿನದ ತೂಕದ ಏರಿಳಿತದಲ್ಲಿ ಬಹುಪಾಲು ನೀರಿನ ಆಟ ಎಂಬ ಸೂಚನೆ ಅಲ್ಲಿಯೇ ಇತ್ತು. ತೂಕದ ಯಂತ್ರ ಮನೆಮನೆಗೆ ಬಂತು, ಆ ಸೂಚನೆ ಬರಲಿಲ್ಲ.

ಪಥ್ಯದ ಪುಸ್ತಕಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದನ್ನು 1863ರಲ್ಲಿ ಬರೆದವನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್, ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ಉದ್ಯಮಿ. 202 ಪೌಂಡ್ ಇದ್ದವನು ಒಂದು ವರ್ಷದಲ್ಲಿ 46 ಪೌಂಡ್ ಇಳಿದ. ವಾರಕ್ಕೆ ಒಂದು ಪೌಂಡಿಗೂ ಕಡಿಮೆ. ಈ ವೇಗಕ್ಕೆ ಇಂದು ಯಾರೂ ಚಪ್ಪಾಳೆ ತಟ್ಟಲಾರರು. ಅಂದು ಅವನ ಹೆಸರೇ ಇಂಗ್ಲಿಷಿನಲ್ಲಿ ಪಥ್ಯಕ್ಕೆ ಇನ್ನೊಂದು ಶಬ್ದವಾಯಿತು.

ನಮ್ಮ ಕತೆಯ ಮುಖ್ಯ ಊರು ಅಮೆರಿಕದ ಮಿನ್ನೆಸೋಟಾ. ಒಂದೇ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷಗಳ ಅಂತರದಲ್ಲಿ ಎರಡು ಕೆಲಸಗಳು ನಡೆದವು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದವರು ಕಡಿಮೆ.

ಮೊದಲನೆಯದು ಎರಡನೆಯ ಮಹಾಯುದ್ಧದ ಕೊನೆಯ ದಿನಗಳದ್ದು. ಯುರೋಪಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸೊರಗಿದ್ದರು. ಅವರಿಗೆ ಮತ್ತೆ ಉಣಿಸಿ ಚೇತರಿಸುವುದು ಹೇಗೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಹೂಡಿದರು. ಬಂದೂಕು ಹಿಡಿಯಲು ಧರ್ಮಸಾಕ್ಷಿಯಿಂದ ನಿರಾಕರಿಸಿದ್ದ 36 ಯುವಕರು ಸ್ವ ಇಚ್ಛೆಯಿಂದ ಅದಕ್ಕೆ ಒಪ್ಪಿದರು. ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ, 1945ರ ಫೆಬ್ರವರಿಯಿಂದ 24 ವಾರ, ಅವರಿಗೆ ಅರೆಹೊಟ್ಟೆ. ಆಲೂಗಡ್ಡೆ, ಟರ್ನಿಪ್, ಬ್ರೆಡ್, ಮೆಕರೋನಿ. ದಿನಕ್ಕೆ ಎರಡೇ ಊಟ, ಸುಮಾರು 1,570 ಕ್ಯಾಲೊರಿ. ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ಪ್ರತಿಯೊಬ್ಬರೂ ತೂಕದ ಕಾಲು ಭಾಗದಷ್ಟು ಇಳಿಯಬೇಕೆಂದು ಕೀಸ್ ಮೊದಲೇ ಗೆರೆ ಎಳೆದಿಟ್ಟಿದ್ದರು. ಗೆರೆಗಿಂತ ನಿಧಾನವಾಗಿ ಇಳಿಯುತ್ತಿದ್ದವರ ಪಾಲಿನ ಬ್ರೆಡ್ ಮುಂದಿನ ವಾರ ಕಡಿಮೆಯಾಗುತ್ತಿತ್ತು.

ಅಲ್ಲಿ ಕಂಡದ್ದೇನು? ದೇಹ ಸುಮ್ಮನೆ ಕರಗಲಿಲ್ಲ, ತನ್ನ ಖರ್ಚನ್ನು ತಗ್ಗಿಸಿತು. ವಿಶ್ರಾಂತಿಯಲ್ಲಿರುವಾಗ ಉರಿಯುವ ಶಕ್ತಿ ಸುಮಾರು ಶೇ. 40ರಷ್ಟು ಇಳಿಯಿತು. ನಾಡಿ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿಯೆನ್ನಿಸಿತು. ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಮಾಂಸ, ಕೊಬ್ಬು ಕರಗುತ್ತಿದ್ದರೂ ದೇಹ ನೀರನ್ನು ಹಿಡಿದಿಟ್ಟುಕೊಂಡಿತು. ಕಾಲಿನ ಗಂಟುಗಳು, ಮುಖ ಊದಿಕೊಂಡವು. ಒಳಗೆ ಹೋಗುತ್ತಿದ್ದ ಕೊಬ್ಬಿನ ಜಾಗದಲ್ಲಿ ನೀರು ನಿಂತು ತಕ್ಕಡಿಗೆ ಮಂಕುಬೂದಿ ಎರಚಿತು. ಕೀಸ್ ಮತ್ತು ಸಂಗಡಿಗರು 1950ರಲ್ಲಿ ಎರಡು ಬೃಹತ್ ಸಂಪುಟಗಳಲ್ಲಿ ಇದನ್ನೆಲ್ಲ ದಾಖಲಿಸಿದರು. ಇಷ್ಟು ನಿಯಂತ್ರಣದಲ್ಲಿದ್ದ, ಕದ್ದು ತಿನ್ನಲು ಬಹಳ ಕಡಿಮೆ ಅವಕಾಶವಿದ್ದ ತರುಣರಲ್ಲೇ ತೂಕ ಮತ್ತು ಕೊಬ್ಬು ಬೇರೆ ಬೇರೆ ದಾರಿ ಹಿಡಿದಿದ್ದರೆ, ಮನೆಯಲ್ಲಿರುವ ರೋಗಿಯನ್ನು ‘ನೀನು ಏನೋ ತಿಂದಿರಬೇಕು’ ಎಂದು ಗದರಿಸಲು ನಮಗೇನು ಹಕ್ಕಿದೆ?

ಎರಡನೆಯ ಕೆಲಸ 1954ರಲ್ಲಿ ಬೆಳಕಿಗೆ ಬಂತು. ಅದೇ ವಿಶ್ವವಿದ್ಯಾಲಯದ ಶಸ್ತ್ರವೈದ್ಯರಾದ ಕ್ರೆಮೆನ್, ಲಿನ್ನರ್ ಮತ್ತು ನೆಲ್ಸನ್ ನಾಯಿಗಳ ಸಣ್ಣ ಕರುಳಿನ ಬೇರೆ ಬೇರೆ ಭಾಗಗಳನ್ನು ಬಿಟ್ಟು ಕರುಳನ್ನು ಜೋಡಿಸಿ, ಪೋಷಣೆ ಹೇಗೆ ಬದಲಾಗುತ್ತದೆಂದು ನೋಡಿ ಪ್ರಕಟಿಸಿದರು. ಒಬ್ಬ ರೋಗಿಗೆ ಅದನ್ನೇ ಮಾಡಿದ್ದನ್ನೂ ವರದಿ ಮಾಡಿದರು. ಅಲ್ಲಿಂದ ಕರುಳಿನ ಬೈಪಾಸ್‌ಗಳ ಕಾಲ ಆರಂಭವಾಯಿತು. ಕ್ಯಾಲಿಫೋರ್ನಿಯಾದ ಪೇನ್ ಮತ್ತು ಡಿವಿಂಡ್ 1956ರಿಂದ ಹತ್ತು ರೋಗಿಗಳಲ್ಲಿ ಸಣ್ಣ ಕರುಳಿನ ಮೇಲ್ಭಾಗವನ್ನು ನೇರವಾಗಿ ದೊಡ್ಡ ಕರುಳಿಗೆ ಜೋಡಿಸಿದರು. ತೂಕ ಭರಭರನೆ ಇಳಿಯಿತು. ಅದರೊಡನೆ ತಡೆಯಲಾಗದ ಭೇದಿ, ನಿರ್ಜಲೀಕರಣ, ಲವಣಗಳ ಕೊರತೆ. ಜೋಡಣೆಯನ್ನು ಮತ್ತೆ ಬಿಚ್ಚಬೇಕಾಯಿತು. 1969ರಲ್ಲಿ ಅವರು ಸುಧಾರಿತ ವಿಧಾನ ಮುಂದಿಟ್ಟರು: ಸಣ್ಣ ಕರುಳಿನ ಮೊದಲ 14 ಇಂಚು, ಕೊನೆಯ 4 ಇಂಚು ಮಾತ್ರ ಬಳಕೆಯಲ್ಲಿ, ನಡುವಿನ ಹಲವು ಅಡಿ ಕರುಳು ನಿರುದ್ಯೋಗಿ. ಅಮೆರಿಕದಲ್ಲಿ ಸಾವಿರಾರು ಜನ ಇದನ್ನು ಮಾಡಿಸಿಕೊಂಡರು. ಆಹಾರದಲ್ಲಿ ಕಟ್ಟುಪಾಡಿಲ್ಲದೆ ತೂಕ ಇಳಿಯುತ್ತದೆ ಎಂದರೆ ಯಾರು ಬೇಡವೆಂದಾರು?

ವರ್ಷಗಳು ಕಳೆದಂತೆ ಲೆಕ್ಕ ಚುಕ್ತಾ ಆಯಿತು. ಮೂತ್ರಪಿಂಡದಲ್ಲಿ ಕಲ್ಲು, ಕೀಲುಗಳ ಉರಿಯೂತ, ಜೀವಸತ್ವಗಳ ಕೊರತೆ. ಕೆಲವರಲ್ಲಿ ಯಕೃತ್ತು ಪೂರ್ತಿ ಕೆಟ್ಟು ಸಾವು. 1980ರ ಹೊತ್ತಿಗೆ ವೈದ್ಯರೇ ಈ ವಿಧಾನವನ್ನು ಕೈಬಿಟ್ಟರು. ತಕ್ಕಡಿಯೊಂದನ್ನೇ ಕೇಳಿದ್ದರೆ ಅದು ಆ ಕಾಲದ ಅತ್ಯಂತ ಯಶಸ್ವಿ ಚಿಕಿತ್ಸೆ. ಮಿನ್ನೆಸೋಟಾದ ಕ್ರೀಡಾಂಗಣದ ಕೆಳಗೆ ಕಲಿತ ಪಾಠ ಪಕ್ಕದ ಶಸ್ತ್ರಾಗಾರದವರೆಗೆ ತಲುಪಲು ಕಾಲು ಶತಮಾನ ಹಿಡಿಯಿತೆನ್ನಬೇಕು.

ಇನ್ನೊಂದು ದಾರಿ ತೆರೆದವರು ಅಯೋವಾದ ಎಡ್ವರ್ಡ್ ಮೇಸನ್. ಹುಣ್ಣಿನ ಕಾರಣ ಜಠರದ ಭಾಗ ತೆಗೆಸಿಕೊಂಡ ಹೆಂಗಸರು ಮತ್ತೆ ದಪ್ಪವಾಗುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಆ ಎಳೆ ಹಿಡಿದು 1966ರಲ್ಲಿ ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿ ಬೇರ್ಪಡಿಸಿ ಕರುಳಿಗೆ ಜೋಡಿಸಿದರು. ಇದೇ ಗ್ಯಾಸ್ಟ್ರಿಕ್ ಬೈಪಾಸ್‌ನ ಆರಂಭ. ಕರುಳಿನ ಬೈಪಾಸ್‌ನಷ್ಟು ಆರ್ಭಟ ಇದರಲ್ಲಿರಲಿಲ್ಲ. ಆದರೆ ಮೇಸನ್ ರೋಗಿಗಳನ್ನು ವರ್ಷಗಟ್ಟಲೆ ಬೆನ್ನು ಹಿಡಿದು ವಿಚಾರಿಸಿದರು. 1980ರ ದಶಕದಲ್ಲಿ ಬೇರೆ ಬೇರೆ ಆಸ್ಪತ್ರೆಗಳ ರೋಗಿಗಳ ದಾಖಲೆ ಒಟ್ಟುಗೂಡಿಸುವ ವ್ಯವಸ್ಥೆಯನ್ನೂ ಕಟ್ಟಿದರು. ನೂರು ವರ್ಷ ತುಂಬಿಸಿ 2020ರಲ್ಲಿ ತೀರಿಕೊಂಡ ಅವರ ದೊಡ್ಡ ಕೊಡುಗೆ ಚೂರಿಗಿಂತ ಈ ತಾಳ್ಮೆಯೇ ಎಂದು ನನ್ನ ಅನಿಸಿಕೆ. ಈಗ ನಮ್ಮಲ್ಲಿ ಹೆಚ್ಚು ಕೇಳಿಬರುವ ‘ಸ್ಲೀವ್’, ಎಂದರೆ ಜಠರವನ್ನು ಉದ್ದಕ್ಕೆ ಕತ್ತರಿಸಿ ಅಂಗಿಯ ತೋಳಿನಷ್ಟೇ ಉಳಿಸುವ ವಿಧಾನ, ಮೊದಲು ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆಯ ಭಾಗವಾಗಿತ್ತು. 2000ದ ಆಸುಪಾಸಿನಲ್ಲಿ, ಅತಿ ಭಾರದ ರೋಗಿಗಳಿಗೆ ಅಪಾಯ ತಗ್ಗಿಸಲು ಇದನ್ನು ಮೊದಲ ಕಂತಾಗಿ ಮಾಡತೊಡಗಿದರು. ಕೆಲವರಿಗೆ ಎರಡನೆಯ ಕಂತಿನ ಅಗತ್ಯವೇ ಬೀಳಲಿಲ್ಲ. ಕಾದು ನೋಡಿದ್ದರಿಂದ ಹುಟ್ಟಿದ ಚಿಕಿತ್ಸೆಯಿದು.

1995ರಲ್ಲಿ ವಾಲ್ಟರ್ ಪೋರಿಸ್ ಎಂಬ ಶಸ್ತ್ರವೈದ್ಯರು 608 ರೋಗಿಗಳ ವಿವರ ಪ್ರಕಟಿಸಿದರು. ಗ್ಯಾಸ್ಟ್ರಿಕ್ ಬೈಪಾಸ್ ಆದ ಮಧುಮೇಹಿಗಳಲ್ಲಿ ನೂರಕ್ಕೆ 83 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದು ನಿಂತಿತ್ತು. ಅಚ್ಚರಿಯೆಂದರೆ ಅನೇಕರಲ್ಲಿ ಇದು ದಿನಗಳೊಳಗೆ, ತೂಕ ಹೇಳಿಕೊಳ್ಳುವಷ್ಟು ಇಳಿಯುವ ಮೊದಲೇ ಆಗಿತ್ತು. ಜಠರ, ಕರುಳು ಬರಿಯ ಚೀಲ ಕೊಳವೆಗಳಲ್ಲ, ಹಸಿವು ಮತ್ತು ಸಕ್ಕರೆಯನ್ನು ಆಳುವ ಹಾರ್ಮೋನುಗಳ ಕಾರ್ಖಾನೆಗಳೂ ಹೌದು ಎಂಬ ತಿಳಿವಳಿಕೆ ಆಮೇಲೆ ಬೆಳೆಯಿತು. ಜಠರದಲ್ಲಿ ಹುಟ್ಟುವ ಹಸಿವಿನ ಹಾರ್ಮೋನು ಗ್ರೆಲಿನ್ ಅನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಪತ್ತೆಹಚ್ಚಿದರು. ತಕ್ಕಡಿ ಮೌನವಾಗಿರುವಾಗಲೂ ಒಳಗೆ ಕೆಲಸ ನಡೆದಿರುತ್ತದೆ ಎನ್ನುವುದು ಸಮಾಧಾನದ ಮಾತಲ್ಲ, ರಕ್ತಪರೀಕ್ಷೆಯ ಮಾತು.

ದೀರ್ಘಕಾಲದ ಸಾಕ್ಷ್ಯ ಬಂದದ್ದು ಸ್ವೀಡನ್ನಿನಿಂದ. 1987ರಲ್ಲಿ ಆರಂಭವಾದ ಅಲ್ಲಿನ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,010 ಜನರನ್ನು, ಮಾಡಿಸಿಕೊಳ್ಳದ 2,037 ಜನರೊಂದಿಗೆ ಹೋಲಿಸಿದರು. 2007ರ ವರದಿಯ ಪ್ರಕಾರ ತೂಕ ಅತ್ಯಂತ ಕೆಳಗೆ ತಲುಪಿದ್ದು ಒಂದರಿಂದ ಎರಡು ವರ್ಷಗಳ ನಡುವೆ; ಗ್ಯಾಸ್ಟ್ರಿಕ್ ಬೈಪಾಸ್ ಆದವರಲ್ಲಿ ಸರಾಸರಿ ಶೇ. 32. ಹತ್ತು ವರ್ಷಗಳ ನಂತರ ಸ್ವಲ್ಪ ಮರಳಿ ಬಂದು ಇಳಿಕೆ ಶೇ. 25ಕ್ಕೆ ನಿಂತಿತ್ತು. ಸುಮಾರು ಹನ್ನೊಂದು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 101 ಸಾವು, ಇನ್ನೊಂದರಲ್ಲಿ 129. ಗೆದ್ದದ್ದು ಜೀವ. ಆ ಲೆಕ್ಕದಲ್ಲಿ ಮೂರನೆಯ ವಾರಕ್ಕೆ ಅಂಕಣವೇ ಇಲ್ಲ.

ಹಾಗಾದರೆ ಮೂರನೆಯ ವಾರದಲ್ಲಿ ಆಗುವುದೇನು? ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಪ್ರತಿ ಗ್ರಾಮಿಗೆ ಮೂರು ಗ್ರಾಮಿನಷ್ಟು ನೀರು ಅಂಟಿಕೊಂಡಿರುತ್ತದೆ. ಆಹಾರ ನಿಂತ ಮೊದಲ ದಿನಗಳಲ್ಲಿ ಈ ಉಗ್ರಾಣ ಖಾಲಿಯಾಗಿ ನೀರು ಹೊರಗೆ ಹೋಗುತ್ತದೆ, ಯಂತ್ರದಲ್ಲಿ ಕಿಲೋಗಳು ಉರುಳುತ್ತವೆ. ಆಮೇಲೆ ಉಗ್ರಾಣ ಸ್ವಲ್ಪ ತುಂಬಿದಂತೆ ನೀರೂ ಮರಳುತ್ತದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಏರಿಸಿದ ದ್ರವ, ಗಾಯ ಮಾಗುವಾಗಿನ ಬಾವು, ಹೆಂಗಸರಲ್ಲಿ ಮುಟ್ಟಿನ ದಿನಗಳು, ಮಲಬದ್ಧತೆ ಇವೆಲ್ಲ ಸೇರುತ್ತವೆ. ಕೊಬ್ಬು ಕರಗುತ್ತಲೇ ಇರುತ್ತದೆ, ನೀರು ಅದನ್ನು ಮರೆಮಾಡುತ್ತದೆ. 1945ರ ಕತೆಯೇ ಇದು, ಸಣ್ಣ ಪ್ರಮಾಣದಲ್ಲಿ. ಇದಲ್ಲದೆ ಲಿವರ್ ಕುಗ್ಗಿಸಲೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ಎರಡು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸುತ್ತಾರೆ. ಅಲ್ಲಿ ಇಳಿದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮವಳು ಹಾಗೆ ಐದು ಕಿಲೋ ಮೊದಲೇ ಕಳೆದಿದ್ದಳು. 160 ಕಿಲೋದ ಗಂಡಸಿಗೆ ಇಳಿದಷ್ಟು ಕಿಲೋ, 118 ಕಿಲೋದ ಮಧುಮೇಹಿ ಹೆಂಗಸಿಗೆ ಇಳಿಯುವುದೂ ಇಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಆರಂಭದ ತಿಂಗಳುಗಳಲ್ಲಿ ಹೆಚ್ಚು ಇಳಿದವರು ಮುಂದೆಯೂ ಸರಾಸರಿಯಲ್ಲಿ ಹೆಚ್ಚು ಇಳಿಯುತ್ತಾರೆ ಎಂದು ಅಧ್ಯಯನಗಳು ಹೇಳುತ್ತವೆ. ಆದರೆ ಅದು ಗುಂಪಿನ ಸರಾಸರಿ, ಅದೂ ತಿಂಗಳುಗಳ ಲೆಕ್ಕ. ಒಬ್ಬಳ ಹನ್ನೊಂದು ದಿನಗಳ ಭವಿಷ್ಯವಾಣಿಯಲ್ಲ. ತಿಂಗಳುಗಟ್ಟಲೆ ಇಳಿಯದಿದ್ದರೆ ಶಸ್ತ್ರವೈದ್ಯರನ್ನೂ ಆಹಾರತಜ್ಞರನ್ನೂ ಕಂಡು ವಿಚಾರಿಸಬೇಕು. ಜ್ವರ, ನಿಲ್ಲದ ವಾಂತಿ, ಹೊಟ್ಟೆನೋವು, ಏರಿದ ನಾಡಿ, ನೀರೂ ಇಳಿಯದ ಸ್ಥಿತಿ ಇದ್ದರೆ ಒಂದು ದಿನವೂ ಕಾಯಬಾರದು. ನಿಜವಾಗಿ ಹೆದರಬೇಕಾದವು ಇವು. ತಕ್ಕಡಿಗೆ ಹೆದರಿ ಪ್ರೋಟೀನ್ ಬಿಟ್ಟರೆ ಕರಗುವುದು ಕೊಬ್ಬಲ್ಲ, ಸ್ನಾಯು. ನೀರು ಬಿಟ್ಟರೆ ಮತ್ತೆ ಆಸ್ಪತ್ರೆ.

ಅಂದು ಸಂಜೆ ಅವಳ ಫೈಲು ತೆಗೆಸಿ ನೋಡಿದೆ. ಏನು ತಿನ್ನಬೇಕೆಂಬ ಪಟ್ಟಿಯಿತ್ತು, ತೂಕ ನಿಂತರೆ ಏನು ತಿಳಿಯಬೇಕೆಂದು ಒಂದು ಸಾಲೂ ಇರಲಿಲ್ಲ. ಇನ್ನೊಂದು ಹಾಳೆಯಲ್ಲಿ ಸಕ್ಕರೆಯ ಅಂಕಿಗಳಿದ್ದವು. ಶಸ್ತ್ರಚಿಕಿತ್ಸೆಯಾದ ಐದನೆಯ ದಿನವೇ ಇನ್ಸುಲಿನ್ ಅರ್ಧವಾಗಿತ್ತು, ಎರಡನೆಯ ವಾರ ನಿಂತೇ ಹೋಗಿತ್ತು. ‘ಇದನ್ನು ಯಾರಿಗಾದರೂ ಹೇಳಿದೆಯಾ?’ ಎಂದೆ. ‘ಯಾರೂ ಕೇಳಲಿಲ್ಲ ಮಾಮಾ’ ಎಂದಳು. ಅವಳ ಗಂಡ ತೂಕದ ಯಂತ್ರವನ್ನು ಅಟ್ಟಕ್ಕೇರಿಸಿದ. ವಾರಕ್ಕೊಮ್ಮೆ, ಶನಿವಾರ ಬೆಳಿಗ್ಗೆ ಮಾತ್ರ ಇಳಿಸುವುದೆಂದು ಮಾತಾಯಿತು. ಸೊಂಟದ ಅಳತೆಗೆ ಹೊಲಿಗೆಯ ಟೇಪು ಬಂತು. ನಾಲ್ಕನೆಯ ವಾರದ ಕೊನೆಗೆ ಮುಳ್ಳು ತಾನಾಗಿ ಎರಡು ಕಿಲೋ ಕೆಳಗೆ ಸರಿದಿತ್ತು.

ಮೊನ್ನೆ ಫೋನ್ ಮಾಡಿದ್ದಳು. ತೂಕದ ಮಾತು ತೆಗೆಯಲಿಲ್ಲ. ಅಡವಿಟ್ಟಿದ್ದ ಬಳೆಗಳನ್ನು ಬಿಡಿಸಿಕೊಂಡು ಬಂದಿದ್ದಾಳಂತೆ. ಕೈಯಲ್ಲಿ ನಿಲ್ಲುವುದಿಲ್ಲ, ಅಕ್ಕಸಾಲಿಗನಲ್ಲಿ ಕೊಟ್ಟು ಚಿಕ್ಕದು ಮಾಡಿಸಬೇಕು ಎಂದಳು.